ಇಬ್ಬರಿಗೆ ಹಂಚಿದ ಮಾತ್ರೆ

ಶ್ರೀರಾಂಪುರಕ್ಕೆ ಹತ್ತಿರದ ಒಂದು ಹಟ್ಟಿಯಲ್ಲಿ ಜುಂಜಯ್ಯ ಅಂತ ಒಬ್ಬ ಕುರಿಗಾರರಿದ್ದಾರೆ. ಊಟದ ಹೊತ್ತಿಗೆ ಮನೆ ಮುಂದೆ ಯಾರು ಹಾದುಹೋದರೂ ಒಳಗೆ ಕರೆದು ಕೂರಿಸುವ ಮನುಷ್ಯ. ಅವರ ಹೆಂಡತಿ ಚಿತ್ತಮ್ಮನೂ ಹಾಗೆಯೇ. ಇದ್ದದ್ದರಲ್ಲಿ ಇನ್ನೊಬ್ಬರಿಗೂ ಕೊಡುವುದು ಆ ಮನೆಯ ರೂಢಿ. ಈ ಕಥೆ ನಡೆದದ್ದೂ ಆ ಒಳ್ಳೆಯತನದಿಂದಲೇ.

ಎರಡು ಸಾವಿರದ ಐದನೇ ಇಸವಿಯಲ್ಲಿ ಜುಂಜಯ್ಯನವರಿಗೆ ಸುಸ್ತು ಶುರುವಾಯಿತು. ಹಿಂಡಿನ ಹಿಂದೆ ನಡೆಯಲು ಆಗದೆ ನೆರಳು ಕಂಡಲ್ಲೆಲ್ಲ ಕೂರುತ್ತಿದ್ದರು. ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ಎಡಪಕ್ಕೆಯ ಕೆಳಗೆ ಕಲ್ಲಿಟ್ಟ ಹಾಗೆ ಭಾರ. ಹೊಸದುರ್ಗದಲ್ಲಿ ರಕ್ತ ನೋಡಿದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ತಿಳಿಯಿತು, ಅದು ರಕ್ತದ ಕ್ಯಾನ್ಸರು. ಆದರೆ ನಿಧಾನವಾಗಿ ಬೆಳೆಯುವ ಬಗೆಯದು.

ಕ್ಯಾನ್ಸರು ಎಂಬ ಮಾತು ಕೇಳಿ ಚಿತ್ತಮ್ಮ, "ಇವ್ರು ಉಳ್ಕಂತಾರಾ ಸಾರ್?" ಅಂದಳು. ಡಾಕ್ಟರು ಅವಳನ್ನು ಕೂರಿಸಿ ಹೇಳಿದರು: "ಈ ಕಾಯಿಲೆಯಲ್ಲಿ ಬಿಳಿ ರಕ್ತಕಣಗಳು ಹತೋಟಿ ಇಲ್ಲದೆ ಹುಟ್ತಾ ಹೋಗ್ತವೆ. ಯಾವುದರಿಂದ ಹುಟ್ತವೋ ಅದನ್ನೇ ಹಿಡಿದು ನಿಲ್ಲಿಸೋ ಮಾತ್ರೆ ಈಗ ಬಂದಿದೆ. ದಿನಾ ಊಟ ಆದ ಮೇಲೆ, ದೊಡ್ಡ ಲೋಟದ ತುಂಬ ನೀರಿನ ಜೊತೆ ತಗೋಬೇಕು. ಹುಷಾರಾಯ್ತು ಅಂತ ಬಿಡೋ ಹಾಗಿಲ್ಲ."

ಜುಂಜಯ್ಯ ಹಾಗೆಯೇ ಮಾಡಿದರು. ಕೆಲವು ತಿಂಗಳಲ್ಲಿ ಎಡಪಕ್ಕೆಯ ಭಾರ ಇಳಿಯಿತು, ಮೈ ತುಂಬಿಕೊಂಡಿತು. ಮತ್ತೆ ಹಿಂಡಿನ ಜೊತೆ ಹೊರಟರು. ಆದರೆ ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆ ಊದಿರುತ್ತಿತ್ತು, ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಹೆದರಿಕೆಯಾಗಿ ಎರ್ರಿಸ್ವಾಮಿಯನ್ನು ಕೇಳಿದರು. ಎರ್ರಿಸ್ವಾಮಿ ಚಿಕ್ಕಜಾಜೂರಿನ ರೈಲ್ವೆ ನೌಕರ. ಅವರಿಗೂ ಇದೇ ಕಾಯಿಲೆ, ಇದೇ ಮಾತ್ರೆ. ಇಬ್ಬರೂ ಒಂದೇ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾ ಗೆಳೆಯರಾಗಿದ್ದರು.

"ನಂಗೂ ಹಂಗೇ ಆಗ್ತಿತ್ತು ಜುಂಜಣ್ಣ," ಅಂದರು ಎರ್ರಿಸ್ವಾಮಿ. "ಡಾಕ್ಟ್ರಿಗೆ ಹೇಳ್ದೆ, ನೋಡಿ ದಾರಿ ತೋರ್ಸಿದ್ರು. ಏನೇ ಆದ್ರೂ ಮಾತ್ರೆ ಬಿಡಬ್ಯಾಡ, ಡಾಕ್ಟ್ರ ಹತ್ರ ಬಾಯಿ ಬಿಡು."

ಎರಡು ವರ್ಷ ಹೀಗೆ ಚೆನ್ನಾಗಿಯೇ ಕಳೆಯಿತು.

ಆಮೇಲೆ ಚಿತ್ತಮ್ಮನ ತಮ್ಮ ಪಾಲಣ್ಣ ಮಲಗಿದ. ಅವನದು ಪಕ್ಕದ ಹಟ್ಟಿ. ಬಿಟ್ಟು ಬಿಟ್ಟು ಜ್ವರ, ಸುಸ್ತು, ಎಡಪಕ್ಕೆಯಲ್ಲಿ ಭಾರ. ಒಂದು ದಿನ ಅವನ ಹೆಂಡತಿ ಕಾಳಕ್ಕ ಬಂದು ಹೊಸ್ತಿಲ ಮೇಲೆ ಕುಂತಳು.

"ಅತ್ಗೆ, ಅಣ್ಣಂಗೆ ಮೊದ್ಲು ಹೆಂಗಾಗಿತ್ತೋ ಇವ್ರಿಗೂ ಹಂಗೇ ಆಗೈತೆ. ಆ ಮಾತ್ರೆ ಒಂದಿಷ್ಟು ಕೊಟ್ರೆ ಉಳ್ಕಂತಾರೆ."

ತಾಯಿ ತೀರಿಕೊಂಡಾಗ ಪಾಲಣ್ಣ ಇನ್ನೂ ಅಂಬೆಗಾಲಿನ ಕೂಸು. ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಚಿತ್ತಮ್ಮನೇ. ಸಂಜೆ ಗಂಡ ದೊಡ್ಡಿಗೆ ಕುರಿ ಕೂಡಿ ಬಂದಾಗ ಮೆಲ್ಲಗೆ ಮಾತು ತೆಗೆದಳು.

"ನೀವು ಈಗ ಗಟ್ಟಿಯಾಗಿದೀರಿ. ಒಂದಿನ ಬಿಟ್ಟು ಒಂದಿನ ತಗಂಡ್ರೆ ಆಗಕಿಲ್ವಾ? ಉಳಿದದ್ದು ಅವನಿಗಾಗ್ತೈತೆ."

"ಡಾಕ್ಟ್ರು ಬಿಡಬ್ಯಾಡ ಅಂದವ್ರೆ ಕಣೆ."

"ಕುರಿಗೆ ಹುಳದ ಔಷಧಿ ಕುಡಿಸ್ವಾಗ ಎಲ್ಲಾಕೂ ಒಂದೇ ಡಬ್ಬಿ ಅಲ್ವಾ? ಕಾಯಿಲೆ ಒಂದೇ ಆದ್ಮೇಲೆ ಔಷಧಿನೂ ಒಂದೇ."

ಜುಂಜಯ್ಯ ಮಾತ್ರೆಯ ಡಬ್ಬಿ ತಂದು ಅವಳ ಮುಂದಿಟ್ಟರು. ಬಾಮೈದ ಅಲ್ಲಿ ನರಳುತ್ತಿರುವಾಗ ತಾನು ಇಲ್ಲಿ ಮಾತ್ರೆ ನುಂಗಿ ಹಾಯಾಗಿರುವುದು ಸರಿಯಲ್ಲ ಅನಿಸಿತು. "ಕೊಡು," ಅಂದರು.

ಪಾಲಣ್ಣನಿಗೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ವಾಂತಿ ಹೆಚ್ಚಿತು, ಮುಖ ಊದಿತು. ಮುಖ ಊದಿದ್ದನ್ನು ನೋಡಿ ಕಾಳಕ್ಕ, "ಅಣ್ಣಂಗೂ ಹಿಂಗೇ ಊದ್ತಿತ್ತಲ್ಲ, ಔಷಧಿ ಹಿಡೀತೈತೆ," ಅಂತ ಸಮಾಧಾನ ಮಾಡಿಕೊಂಡಳು. ಜ್ವರ ಮಾತ್ರ ಹೋಗಲಿಲ್ಲ.

ಇತ್ತ ಜುಂಜಯ್ಯನವರು ಮತ್ತೆ ನೆರಳು ಹುಡುಕತೊಡಗಿದ್ದರು. ಯಾರಿಗೂ ಹೇಳಲಿಲ್ಲ.

ಬೆಂಗಳೂರಿನಲ್ಲಿ ರಕ್ತ ಪರೀಕ್ಷೆಯ ದಿನ ಬಂತು. ಗಂಡ ಹೆಂಡತಿ ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರು. ಎರ್ರಿಸ್ವಾಮಿ ಚಿಕ್ಕಜಾಜೂರಿನಿಂದಲೇ ಜಾಗ ಹಿಡಿದುಕೊಂಡು ಬಂದಿದ್ದರು. ಆಸ್ಪತ್ರೆಯಲ್ಲಿ ರಕ್ತದ ವರದಿ ನೋಡಿದ ಡಾಕ್ಟರ ಮುಖ ಗಂಭೀರವಾಯಿತು.

"ಬಿಳಿ ಕಣ ಏರಿವೆ. ಮಾತ್ರೆ ದಿನಾ ತಗೋತಿದೀರಾ?"

ಜುಂಜಯ್ಯ ಹೆಂಡತಿಯ ಕಡೆ ನೋಡಲಿಲ್ಲ. "ತಗಂತಿದೀನಿ ಸಾರ್," ಅಂದರು.

"ಹಾಗಾದ್ರೆ ಮಾತ್ರೆ ನಿಮಗೆ ನಾಟ್ತಾ ಇಲ್ಲ ಅಂತ ಕಾಣುತ್ತೆ. ಇದರ ಪ್ರಮಾಣ ಹೆಚ್ಚು ಮಾಡಬೇಕು, ಇಲ್ಲ ಬೇರೆ ದಾರಿ ನೋಡಬೇಕು. ಸ್ವಲ್ಪ ಹೊರಗೆ ಕೂತಿರಿ."

ಚಿತ್ತಮ್ಮ ಹೊರಗೆ ಬೆಂಚಿನ ಮೇಲೆ ಎರ್ರಿಸ್ವಾಮಿಯ ಪಕ್ಕ ಕುಂತಳು. ಎರ್ರಿಸ್ವಾಮಿ ಏನಾಯಿತೆಂದು ಕೇಳಿದಾಗ ಅವಳಿಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು.

ಎರ್ರಿಸ್ವಾಮಿ ಬೈಯಲಿಲ್ಲ. "ಅಕ್ಕ, ಇವ್ರು ತಗಳ್ಳದೇ ಇರೋ ಮಾತ್ರೆನ ತಗಂಡ್ರು ಅಂತ ನಂಬ್ಕಂಡು ಡಾಕ್ಟ್ರು ಔಷಧಿ ಬದಲಾಯಿಸ್ತಾರೆ. ಅದರಿಂದ ಇವ್ರಿಗೆ ಕೇಡೇ. ಪಾಲಣ್ಣಂಗೆ ಇದೇ ಕಾಯಿಲೆ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನಾವೇ ಅನ್ಕಂಡ್ವಿ."

"ಹಂಗಾದ್ರೆ ಒಳಗೆ ಹೋಗಾಣ. ನಾನೂ ಬರ್ತೀನಿ."

ಚಿತ್ತಮ್ಮ ಸೆರಗು ಬಿಗಿದುಕೊಂಡು ಮುಂದೆ ನಡೆದಳು. "ಸಾರ್, ಇವ್ರು ನನ್ನ ಸಲುವಾಗಿ ಸುಳ್ಳು ಹೇಳಿದ್ರು. ನನ್ನ ತಮ್ಮಂಗೆ ಜ್ವರ, ಎಡಪಕ್ಕೆ ಭಾರ ಅಂತ ಅವನಿಗೆ ಮಾತ್ರೆ ಹಂಚಿದ್ದು ನಾನು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಈಗಲಾದ್ರೂ ಹೇಳಿದ್ರಲ್ಲ, ಒಳ್ಳೇದಾಯ್ತು. ತಮ್ಮನಿಗೆ ಮಾತ್ರೆ ಇವತ್ತೇ ನಿಲ್ಲಿಸಿ. ಎಡಗಡೆ ಹೊಟ್ಟೆ ಊದೋದಕ್ಕೆ ಬೇರೆ ಕಾರಣಗಳು ಬೇಕಾದಷ್ಟಿವೆ. ಜ್ವರ ಬೇರೆ ಇದೆ ಅಂತೀರಿ, ತಡ ಮಾಡದೆ ರಕ್ತ ಪರೀಕ್ಷೆ ಮಾಡಿಸಿ." ಆಮೇಲೆ ಜುಂಜಯ್ಯನವರ ಕಡೆ ತಿರುಗಿದರು. "ನೀವು ಇವತ್ತಿಂದ ಮೊದಲಿನ ಹಾಗೇ ದಿನಾ ತಗೊಳ್ಳಿ. ಹೀಗೆ ಅರ್ಧಂಬರ್ಧ ತಗೊಂಡ್ರೆ ಕಾಯಿಲೆ ಒಮ್ಮೊಮ್ಮೆ ಮಾತ್ರೆಗೆ ಬಗ್ಗದೇ ಹೋಗುತ್ತೆ. ನಿಮ್ಮದು ಏನಾಗಿದೆ ಅನ್ನೋದು ಮುಂದಿನ ಪರೀಕ್ಷೆಗಳಲ್ಲೇ ಗೊತ್ತಾಗಬೇಕು."

ಆಸ್ಪತ್ರೆಯ ಎದುರಿನ ಬೂತಿನಿಂದ ಶ್ರೀರಾಂಪುರದ ಅಂಗಡಿಗೆ ಫೋನು ಮಾಡಿ ಕಾಳಕ್ಕನನ್ನು ಕರೆಸಿದರು. ಮಾತ್ರೆ ನಿಲ್ಲಿಸಬೇಕೆಂದಾಗ ಕಾಳಕ್ಕನ ದನಿ ಬದಲಾಯಿತು.

"ನಿನ್ನ ಗಂಡನ ಜೀವ ಒಂದೇ ಜೀವನಾ ಅತ್ಗೆ? ನಿನ್ನ ತಮ್ಮಂದು ಅಲ್ವಾ?"

"ಬಂದು ಹೇಳ್ತೀನಿ," ಅಂದು ಚಿತ್ತಮ್ಮ ಫೋನು ಇಟ್ಟಳು. ಊರಿಗೆ ವಾಪಸಾದವಳು ಮನೆಗೆ ಹೋಗದೆ ನೇರವಾಗಿ ತಮ್ಮನ ಹಟ್ಟಿಗೆ ನಡೆದಳು. ಕಾಳಕ್ಕ ಮುಖ ತಿರುಗಿಸಿದಳು. ಚಿತ್ತಮ್ಮ ಅವಳ ಪಕ್ಕದಲ್ಲಿ ಕುಂತು, "ನಾನು ಅವನಿಗೆ ಔಷಧಿ ಕಿತ್ಕಳಾಕೆ ಬಂದಿಲ್ಲ ಕಾಳಕ್ಕ. ಅವನ ಔಷಧಿ ಯಾವ್ದು ಅಂತ ಹುಡುಕಾಕೆ ಬಂದಿದೀನಿ. ಎದ್ದೇಳು, ಹೊಸದುರ್ಗಕ್ಕೆ ಹೋಗಾಣ," ಅಂದಳು.

ಪಾಲಣ್ಣನೇ ಗೋಡೆ ಹಿಡಿದು ಎದ್ದು ನಿಂತ. "ಅಕ್ಕ ಹೇಳಿದಂಗೆ ಕೇಳಾಣ," ಅಂದ.

ಹೊಸದುರ್ಗದ ಸರ್ಕಾರಿ ಆಸ್ಪತ್ರೆಯಲ್ಲಿ ಬೆರಳಿನಿಂದ ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ನೋಡಿದರು. ಪಾಲಣ್ಣನಿಗಿದ್ದದ್ದು ಮಲೇರಿಯಾ. ಬಹಳ ದಿನ ಮೈಯಲ್ಲೇ ಉಳಿದು ಎಡಪಕ್ಕೆಯ ಕೆಳಗಿರುವ ಗುಲ್ಮವನ್ನು ಊದಿಸಿತ್ತು. ಅದಕ್ಕೆ ಬೇಕಾದ ಮಾತ್ರೆ ಅದೇ ಆಸ್ಪತ್ರೆಯಲ್ಲಿತ್ತು. ಇನ್ನಷ್ಟು ತಡವಾಗಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ಕಾಳಕ್ಕ ಅತ್ತಿಗೆಯ ಕೈ ಹಿಡಿದು ಕುಂತಳು. ಪಾಲಣ್ಣ ಮುಂಗಾರಿನ ಹೊತ್ತಿಗೆ ಹೊಲಕ್ಕಿಳಿದ.

ಜುಂಜಯ್ಯನವರ ರಕ್ತ ಅಷ್ಟು ಬೇಗ ದಾರಿಗೆ ಬರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಬಿಳಿ ಕಣದ ಲೆಕ್ಕ ಸ್ವಲ್ಪ ಮಾತ್ರ ಇಳಿದಿತ್ತು. ಮುಂದಿನ ಪರೀಕ್ಷೆಗೆ ಇನ್ನಷ್ಟು ಇಳಿಯಿತು. ವರ್ಷ ತುಂಬುವುದರೊಳಗೆ ಡಾಕ್ಟರು, "ಮಾತ್ರೆ ಮತ್ತೆ ಹಿಡಿದಿದೆ," ಅಂದರು. ಚಿತ್ತಮ್ಮ ಅಲ್ಲೇ ಕಣ್ಣೊರೆಸಿಕೊಂಡಳು.

ಈಗಲೂ ಕೆಲವರು ಆ ಮನೆಗೆ ಬಂದು ಮಾತ್ರೆ ಕೇಳುತ್ತಾರೆ. ಚಿತ್ತಮ್ಮ ಅವರನ್ನು ಕೂರಿಸಿ ಊಟಕ್ಕೆ ಬಡಿಸುತ್ತಾಳೆ. ಆಮೇಲೆ, "ಮಾತ್ರೆ ಕೊಡಾಕಿಲ್ಲ. ಆಸ್ಪತ್ರೆಗೆ ಜೊತೆಗೆ ಬರ್ತೀನಿ ನಡೀರಿ," ಅನ್ನುತ್ತಾಳೆ. ಹೇಳಿದಂತೆ ಹೋಗುತ್ತಾಳೆ ಕೂಡ.

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಡಾಕ್ಟರು ಹೇಳಿದಷ್ಟನ್ನು, ಹೇಳಿದ ಹೊತ್ತಿಗೆ, ಊಟದ ಮೇಲೆ ಲೋಟದ ತುಂಬ ನೀರಿನೊಂದಿಗೆ ಕೊಡಿ. ಒಂದು ದಿನ ಮರೆತರೆ ಮಾರನೆಯ ದಿನ ಎರಡು ದಿನದ್ದನ್ನು ಒಟ್ಟಿಗೆ ನುಂಗಿಸಬೇಡಿ. ಕಣ್ಣು ಊದಿದರೆ, ವಾಕರಿಕೆ ಬಂದರೆ ಡಾಕ್ಟರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಜ್ವರ, ರಕ್ತಸ್ರಾವ, ಉಸಿರಾಟದ ತೊಂದರೆ ಕಂಡರೆ, ಮೈ ತೂಕ ಇದ್ದಕ್ಕಿದ್ದಂತೆ ಏರಿದರೆ ಕಾಯದೆ ಆಸ್ಪತ್ರೆಗೆ ಹೋಗಿ. ನಾಟಿ ಔಷಧಿಯಾಗಲಿ, ಅಂಗಡಿಯ ನೋವಿನ ಮಾತ್ರೆಯಾಗಲಿ ಕೇಳದೆ ಜೊತೆಗೆ ಸೇರಿಸಬೇಡಿ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಬಸಿರಾಗುವ ಮೊದಲೇ ಡಾಕ್ಟರ ಹತ್ತಿರ ಮಾತಾಡಬೇಕು. ರಕ್ತ ಪರೀಕ್ಷೆಯ ದಿನವನ್ನು ತಪ್ಪಿಸಬೇಡಿ. ಮಾತ್ರೆಯನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಿ.

ಕಾಯಿಲೆ ಬಿದ್ದವರು ನಿಮ್ಮವರೇ ಆದರೂ ನಿಮ್ಮ ಮಾತ್ರೆ ಕೊಡಬೇಡಿ. ಒಂದು ದಿನದ ಕೆಲಸ ಬಿಟ್ಟು ಅವರ ಜೊತೆ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳಿದ್ದಕ್ಕೆ ನಿಜ ಹೇಳಿ.