ತನಿಖೆಯಲ್ಲಿರುವ ಟೈಲ್ಸ್

ಗೇಟಿನ ಪಕ್ಕದ ಬೋಳು ನೆಲಕ್ಕೆ ಟೈಲ್ಸ್ ಹಾಕಿಸಿದ್ದು ಬಡಾವಣೆ ಸಂಘದ ಕಾರ್ಯದರ್ಶಿಗಳ ಜೀವಮಾನದ ಸಾಧನೆ. ಆ ಮಣ್ಣಿನ ತುಂಬ ಪೆನ್ಸಿಲ್ ತೂರುವಷ್ಟು ತೂತುಗಳಿದ್ದವು. ಒಳಗೆ ಯಾರಿದ್ದಾರೆಂದು ಯಾರೂ ಬಗ್ಗಿ ನೋಡಲಿಲ್ಲ. "ಇದು ಬಡಾವಣೆಯೋ ಜರಡಿಯೋ?" ಎಂದು ಕಾರ್ಯದರ್ಶಿಗಳು ಸಭೆಯಲ್ಲಿ ಗುಡುಗಿದರು. ಚಪ್ಪಾಳೆ ಬಿತ್ತು, ಹಿಂದೆಯೇ ಸಿಮೆಂಟೂ ಬಿತ್ತು.

ಆಮೇಲೆ ಮನೆಯಲ್ಲಿ ಹೆಂಡತಿ ಮಾತು ಕಡಿಮೆ ಮಾಡಿದರು. ಕಾಂಪೌಂಡಿಗೆ ಹಬ್ಬಿಸಿದ್ದ ಸಿಹಿಗುಂಬಳದ ಬಳ್ಳಿ ಹೂವೇನೋ ಬಿಡುತ್ತಿತ್ತು, ಹೀಚೆಲ್ಲ ಹಳದಿಯಾಗಿ ಉದುರುತ್ತಿತ್ತು. ಅದು ಅವರಮ್ಮ ಸಾಯುವ ಮುಂಚೆ ಕೈಗಿಟ್ಟ ಬೀಜದ ಬಳ್ಳಿ. ಡಬ್ಬಿಯಲ್ಲಿ ಇನ್ನೊಂದು ಬೀಜವೂ ಉಳಿದಿರಲಿಲ್ಲ. ಈ ಸಲ ಕಾಯಿ ಕಚ್ಚದಿದ್ದರೆ ಅಮ್ಮನ ಕುಂಬಳದ ವಂಶ ಅಲ್ಲಿಗೇ ಮುಗಿಯಿತು.

"ಗೊಬ್ಬರ ಸಾಲದೇನೋ," ಎಂದರು ಕಾರ್ಯದರ್ಶಿ.

"ಗೊಬ್ಬರ ಅಲ್ಲ ರೀ, ಜೇನಿಲ್ಲ. ಬೆಳಗಾದ್ರೆ ಆ ತೂತುಗಳಿಂದ ಎದ್ದು ಸೀದಾ ನಮ್ಮ ಹೂವಿಗೆ ಬರ್ತಿದ್ವು. ನೀವು ಅವುಗಳ ಬಾಗಿಲಿಗೇ ಕಲ್ಲು ಹಾಕಿದ್ರಿ."

"ಜೇನು ಅಂದ್ಮೇಲೆ ಮರದಲ್ಲಿ ಗೂಡು ಕಟ್ಟಬೇಕಲ್ವೇನೇ?"

"ಇವು ನೆಲದಲ್ಲೇ ಸಂಸಾರ ಮಾಡೋವು."

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದೆ. ನೀವು ಭಾಷಣ ಬಾಯಿಪಾಠ ಮಾಡ್ತಾ ಇದ್ರಿ."

ಕಾರ್ಯದರ್ಶಿಗಳಿಗೆ ನಿಜಕ್ಕೂ ನಾಚಿಕೆಯಾಯಿತು. ಆದರೆ ಸಂಘದಲ್ಲಿ ತಪ್ಪೊಪ್ಪಿಕೊಳ್ಳುವುದಕ್ಕೊಂದು ಕ್ರಮ ಇರಲಿಲ್ಲ. ಮರುದಿನ ಬೆಳಗ್ಗೆ ಶೇವಿಂಗ್ ಬ್ರಷ್ ಹಿಡಿದು ಬಳ್ಳಿಯ ಮುಂದೆ ನಿಂತರು. ಹೆಂಡತಿ ತೋರಿಸಿದಂತೆ ಗಂಡು ಹೂವಿನ ಪುಡಿ ಸವರಿ ಹೆಣ್ಣು ಹೂವಿಗೆ ಮೆತ್ತಿದರು. ಎದುರುಮನೆಯವರು ಇಣುಕಿ, "ಏನ್ ಸಾರ್, ಹೂವಿಗೆ ಶೇವಿಂಗಾ?" ಎಂದರು.

"ಸಂಘದ ಕೆಲಸ," ಎಂದರು ಇವರು.

ಒಂದೇ ಒಂದು ಕಾಯಿ ಕಚ್ಚಿತು. ಅದು ಬಲಿತ ಮೇಲೆ ಹೆಂಡತಿ ಸೀಳಿ, ಬೀಜ ತೊಳೆದು ಒಣಗಲು ಹರವಿದರು. ಅಮ್ಮನ ನೆನಪಾಗಿ ಕಣ್ಣೊರೆಸಿಕೊಂಡರು. ಕಾರ್ಯದರ್ಶಿಗಳಿಗೆ ಎದೆ ಹಗುರಾಯಿತು, ಕೂಡಲೇ ಉಬ್ಬಿತು ಕೂಡ.

"ಇನ್ನೇನು ಚಿಂತೆ? ಬ್ರಷ್ ಇದೆ, ನಾನಿದ್ದೀನಿ."

"ನೀವಿದ್ದೀರಿ, ಸರಿ. ನೀವಿಲ್ಲದ ವರ್ಷ?"

ಕಾರ್ಯದರ್ಶಿಗಳು ಒಂದು ಬೀಜ ಕೈಗೆತ್ತಿಕೊಂಡು ಗೇಟಿನ ಕಡೆ ನೋಡಿದರು.

ಮರುದಿನ ಕಾವಲುಗಾರ ಏದುಸಿರು ಬಿಡುತ್ತ ಬಂದ. "ಸಾರ್, ಗೇಟ್ ಹತ್ರ ಅರ್ಧ ಟೈಲ್ಸ್ ಯಾರೋ ಕಿತ್ತು ಹಾಕಿದ್ದಾರೆ!"

"ಛೆ, ಎಂಥಾ ಜನ!" ಕಾರ್ಯದರ್ಶಿಗಳು ಉಗುರಿನ ಮಣ್ಣು ಕಾಣದಂತೆ ಕೈ ಕಟ್ಟಿಕೊಂಡರು. "ತನಿಖೆ ಮಾಡ್ತೀನಿ. ಅಲ್ಲೀವರೆಗೆ ಆ ಮಣ್ಣನ್ನ ಯಾರೂ ಮುಟ್ಟಬಾರದು."

"ಎಷ್ಟು ದಿನ ಆಗುತ್ತೆ ಸಾರ್?"

"ದಿನ ಏನಪ್ಪಾ, ಇಂಥಾ ತನಿಖೆ ನನ್ನ ಕಾಲಕ್ಕೆ ಮುಗಿಯೋದಲ್ಲ."