ಎಪ್ಪತ್ತಮೂರು ಅಂಕದ ಚಿಕ್ಕಬೋರಮ್ಮ

ಮಿಡ್‌ವೈಫ್ ತರಬೇತಿಗೆ ಸೇರಲು ಮಂಡ್ಯಕ್ಕೆ ಬಂದ ಚಿಕ್ಕಬೋರಮ್ಮನಿಗೆ ಅಂದು ಓದಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಒಂದು ಕಾಗದ ಕೊಟ್ಟು, ಅದರಲ್ಲಿದ್ದ ಚೌಕ, ತ್ರಿಕೋನಗಳ ಸಾಲಿನಲ್ಲಿ ಮುಂದೆ ಯಾವುದು ಬರಬೇಕೆಂದು ಗುರುತು ಹಾಕಲು ಹೇಳಿದರು. ಗಂಟೆ ಹೊಡೆದಾಗ ಅವಳು ಅರ್ಧವನ್ನೂ ಮುಗಿಸಿರಲಿಲ್ಲ.

ಅದು ೧೯೭೩ರ ಜೂನ್. ಕೊತ್ತತ್ತಿಯ ಮಾದಯ್ಯನ ಮಗಳಾದ ಅವಳು ಎಸ್ಸೆಸ್ಸೆಲ್ಸಿಯನ್ನು ಮೂರನೇ ಸಲಕ್ಕೆ ಪಾಸು ಮಾಡಿದವಳು. ತನ್ನ ತಲೆಗೆ ಯಾವುದೂ ಬೇಗ ಹತ್ತುವುದಿಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತರಬೇತಿ ಶಾಲೆಯ ಮುಖ್ಯಸ್ಥ ತಿರುನಾರಾಯಣ ಕೆಟ್ಟವರಲ್ಲ. ಮನಶ್ಶಾಸ್ತ್ರ ಓದಿಕೊಂಡಿದ್ದರು. ಬುದ್ಧಿಶಕ್ತಿಯನ್ನು ಅಳೆದರೆ ಯಾರು ಮುಂದೆ ಬರುತ್ತಾರೆ, ಯಾರು ಬರುವುದಿಲ್ಲ ಎಂದು ಮೊದಲೇ ಹೇಳಬಹುದೆಂದು ನಂಬಿದ್ದರು. ಆ ಚೌಕ, ತ್ರಿಕೋನಗಳ ಪರೀಕ್ಷೆಯಲ್ಲಿ, ಸಾಮಾನ್ಯ ಬುದ್ಧಿಗೆ ನೂರು ಎಂಬ ಲೆಕ್ಕದಲ್ಲಿ, ತೊಂಬತ್ತಕ್ಕಿಂತ ಕಡಿಮೆ ಬಂದ ಎಂಟು ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆದು, ಈ ಕೆಲಸ ನಿಮಗಾಗದು, ಸುಮ್ಮನೆ ಕಷ್ಟಪಡಬೇಡಿ ಎಂದು ಸಮಾಧಾನ ಹೇಳಿದರು. ಏಳು ಜನ ಕಣ್ಣೊರೆಸಿಕೊಂಡು ಬಸ್ಸು ಹತ್ತಿದರು. ಚಿಕ್ಕಬೋರಮ್ಮನಿಗೆ ಬಂದದ್ದು ಎಪ್ಪತ್ತಮೂರು. ಅವಳು ಮಾತ್ರ ಕೂತಲ್ಲಿಂದ ಏಳಲಿಲ್ಲ.

ಅರ್ಜಿಯ ಜೊತೆ ಬಂದಿದ್ದ ನಿಯಮಗಳ ಅಚ್ಚಿನ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

"ಇದ್ರಲ್ಲಿ ವಯಸ್ಸು ಅದೆ, ಎಸ್ಸೆಸ್ಸೆಲ್ಸಿ ಅದೆ. ಈ ಚೌಕದ ಲೆಕ್ಕ ಎಲ್ಲದೆ ಸಾ?"

ಅದು ತಾವು ಮಾಡಿಕೊಂಡ ಏರ್ಪಾಡು, ಅವಳ ಒಳ್ಳೆಯದಕ್ಕೇ ಎಂದರು ತಿರುನಾರಾಯಣ.

"ಅಂಗಾರೆ, ದಡ್ಡಿ ಅದ್ಕೇ ಸೇರಿಸ್ಕೊಳ್ನಿಲ್ಲ ಅಂತ ಬರ್ಕೊಡಿ."

ಹಾಗೆ ಬರೆದುಕೊಡಲು ಅವರ ಬಳಿ ಯಾವ ಆಧಾರವೂ ಇರಲಿಲ್ಲ. ಬರೆದುಕೊಡುವವರೆಗೂ ಹೋಗುವುದಿಲ್ಲವೆಂದು ಅವಳು ಎರಡು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ವರಾಂಡದಲ್ಲಿ ಕೂತಳು. ಮಾದಯ್ಯ ಬಂದು, ಹಟ ಸಾಕು, ಮನೆ ಮಾನ ಕಳೆಯಬೇಡ ಎಂದು ಬೈದರೂ ಅಲುಗಲಿಲ್ಲ. ಮೂರನೆಯ ದಿನ ಅವಳ ಹೆಸರು ಪಟ್ಟಿಗೆ ಬಂತು.

ಆಮೇಲಿನ ಎರಡು ವರ್ಷ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಹಾಸ್ಟೆಲಿನಲ್ಲಿ ಜೊತೆಗಿದ್ದ ಚೂಡಾಮಣಿಗೆ ಅದೇ ಪರೀಕ್ಷೆಯಲ್ಲಿ ನೂರಮೂವತ್ತೆರಡು ಬಂದಿತ್ತು. ಒಮ್ಮೆ ಕೇಳಿದರೆ ಸಾಕು, ಪಾಠ ಅವಳ ನಾಲಗೆಯ ಮೇಲಿರುತ್ತಿತ್ತು. ಚಿಕ್ಕಬೋರಮ್ಮ ಅದನ್ನೇ ಇಪ್ಪತ್ತು ಸಲ ಬರೆಯಬೇಕಿತ್ತು. ಮೊದಲ ಪರೀಕ್ಷೆಯಲ್ಲಿ ಫೇಲಾದಾಗ ತಿರುನಾರಾಯಣ ಕನಿಕರದಿಂದ ನೋಡಿದರು. ಆ ಕನಿಕರಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು. ಬಟ್ಟೆಯ ಗೊಂಬೆಯ ಮೇಲೆ ಹೆರಿಗೆಯ ಕೆಲಸವನ್ನು, ಕೈ ತಾನಾಗಿ ಮಾಡುವವರೆಗೆ ಮಾಡಿದಳು. ಚೂಡಾಮಣಿ ಬೇಸರಪಡದೆ ಪಕ್ಕದಲ್ಲಿ ಕೂತು ತಪ್ಪು ತಿದ್ದಿದಳು. ಕೊನೆಗೆ ಇಪ್ಪತ್ತಮೂರು ಜನರಲ್ಲಿ ಚೂಡಾಮಣಿ ಮೊದಲನೆಯವಳಾದಳು, ಇವಳು ಹನ್ನೊಂದನೆಯವಳು.

ಚಿಕ್ಕಬೋರಮ್ಮನಿಗೆ ಕೆರಗೋಡಿನಲ್ಲಿ ಕೆಲಸ ಸಿಕ್ಕಿತು. ೧೯೭೭ರ ಕಬ್ಬು ಕಟಾವಿನ ದಿನಗಳಲ್ಲಿ ಒಂದು ಮಧ್ಯಾಹ್ನ ಬೆಟ್ಟಮ್ಮ ಎಂಬ ಹೆಂಗಸಿಗೆ ಹೆರಿಗೆಯಾಗಿ ಮಾಸು ಬಿದ್ದ ಮೇಲೂ ರಕ್ತ ನಿಲ್ಲಲಿಲ್ಲ. ಮನೆಯವರು ದಿಕ್ಕುತೋಚದೆ ಅಳತೊಡಗಿದರು. ಚಿಕ್ಕಬೋರಮ್ಮ ತಡಮಾಡದೆ ರಕ್ತ ನಿಲ್ಲಿಸುವ ಇಂಜೆಕ್ಷನ್ ಕೊಟ್ಟಳು. ಗರ್ಭಕೋಶ ಬಿಗಿಯಾಗಲೆಂದು ಕಿಬ್ಬೊಟ್ಟೆಯನ್ನು ಉಜ್ಜುತ್ತಲೇ ಬಾಣಂತಿಯನ್ನು ಮಂಚದ ಸಮೇತ ರಸ್ತೆಗೆ ಹೊರಿಸಿದಳು. ಅಲ್ಲೊಂದು ಲಾರಿಗೆ ಕಬ್ಬು ತುಂಬುತ್ತಿದ್ದರು. ಕಾರ್ಖಾನೆಯಲ್ಲಿ ಸರದಿ ತಪ್ಪುತ್ತದೆಂದು ಡ್ರೈವರು ಗೊಣಗಿದರೂ ಕೇಳದೆ, ತುಂಬುವುದನ್ನು ನಿಲ್ಲಿಸಿ, ಕಬ್ಬಿನ ಮೇಲೇ ಮಂಚ ಏರಿಸಿ, ತಾನೂ ಹತ್ತಿ, ಮಂಡ್ಯದ ಆಸ್ಪತ್ರೆಯವರೆಗೂ ಉಜ್ಜುವ ಕೈ ತೆಗೆಯಲಿಲ್ಲ. ಬೆಟ್ಟಮ್ಮ ಬದುಕಿದಳು.

ಸುದ್ದಿ ತಿಳಿದ ತಿರುನಾರಾಯಣ ಅವಳನ್ನು ಕರೆಸಿ ಮನಸಾರೆ ಹೊಗಳಿದರು. ತಾವು ಬರೆಯುತ್ತಿರುವ ಲೇಖನದಲ್ಲಿ ಅವಳನ್ನು ಅಪವಾದವೆಂದು ಸೇರಿಸುವುದಾಗಿ ಹೇಳಿದರು. ಹಾಗೆಂದರೇನೆಂದು ಅವಳು ಕೇಳಿದಳು. ನೂರಕ್ಕೊಬ್ಬರು ಹೀಗೆ ಲೆಕ್ಕ ಮೀರಿ ಬೆಳೆಯುತ್ತಾರೆ ಎಂದರು.

"ನನ್ ಜೊತೆ ಇನ್ನೂ ಏಳು ಜನ್ರುನ್ನ ಮನೆಗೆ ಕಳ್ಸಿದ್ರಿ. ಅವ್ರುನ್ನ ಓದ್ಸಿ ನೋಡುದ್ರಾ ಸಾ?"

ಇಲ್ಲವೆಂದರು.

"ನೋಡ್ದೇನೆ ನಾನೊಬ್ಳೇ ಅಂತ ಎಂಗೇಳ್ತೀರಿ? ಬರೆಯೋದಾದ್ರೆ ಅದ್ನೂ ಬರೀರಿ. ಇಲ್ದಿದ್ರೆ ನನ್ನೆಸ್ರು ಬ್ಯಾಡ."

ತಿರುನಾರಾಯಣ ಬರೆದಿದ್ದಷ್ಟನ್ನು ಮಡಚಿ ಎತ್ತಿಟ್ಟರು. ಲೇಖನ ಅಲ್ಲಿಗೇ ನಿಂತಿತು. ಮುಂದಿನ ಜೂನಿನಲ್ಲಿ ಅವರು ಅಂಕ ನೋಡಿ ಯಾರನ್ನೂ ವಾಪಸು ಕಳಿಸಲಿಲ್ಲ. ಆ ಏಳು ಜನರಿಗೂ ಸ್ವತಃ ಕಾಗದ ಬರೆದು ಕರೆದರು. ಬಂದವರು ಇಬ್ಬರೇ. ಒಬ್ಬಳು ಮೂರು ತಿಂಗಳಿಗೇ ಆಗದೆಂದು ಬಿಟ್ಟುಹೋದಳು. ಮಳವಳ್ಳಿ ಕಡೆಯ ಹೊಂಬಾಳಮ್ಮ ಓದು ಮುಗಿಸಿ ಮದ್ದೂರಿನಲ್ಲಿ ಕೆಲಸಕ್ಕೆ ಸೇರಿದಳು.

ಒಬ್ಬಳಾದರೂ ಬಂದಳಲ್ಲ ಎಂದು ಚೂಡಾಮಣಿ ಸಂತೋಷಪಟ್ಟಳು. ಬಾರದೇ ಉಳಿದ ಐವರನ್ನು ಅಂದು ವಾಪಸು ಕಳಿಸಿದ್ದಕ್ಕೆ ತಿರುನಾರಾಯಣರ ಮೇಲಿದ್ದ ಚಿಕ್ಕಬೋರಮ್ಮನ ಸಿಟ್ಟು ಮಾತ್ರ ಇಳಿಯಲಿಲ್ಲ.