ಯಾರೂ ಕೂತು ನೋಡದ ಸಿಂಹಾಸನ

ಕೂತು ನೋಡದೆ ಅಪ್ಪ ಯಾವ ಕುರ್ಚಿಯನ್ನೂ ಅಂಗಡಿಯಿಂದ ಹೊರಗೆ ಕಳಿಸಿದವನಲ್ಲ. ಕಣ್ಣು ಮುಚ್ಚಿ ಕೂರುತ್ತಾನೆ, ಒಮ್ಮೆ ಹಿಂದಕ್ಕೆ ಒರಗುತ್ತಾನೆ, ಎಡಕ್ಕೆ ಬಲಕ್ಕೆ ಭಾರ ಹಾಕಿ ಕಿವಿಗೊಡುತ್ತಾನೆ. ಯಾವುದಾದರೂ ಸಂದು ಸದ್ದು ಮಾಡಿದರೆ ಕುರ್ಚಿಯನ್ನು ಬಿಚ್ಚಿ ಮತ್ತೆ ಕಟ್ಟುತ್ತಾನೆ. ಈಜಿಪ್ಟಿನ ನಮ್ಮ ದಮಿಯಾತ್‌ನ ಹಳೆಯ ಬಡಗಿಗಳೆಲ್ಲ ಹೀಗೆಯೇ.

ಹೊಸ ಮಾರುಕಟ್ಟೆಯ ಉದ್ಘಾಟನೆಗೆ ಕೈರೋದಿಂದ ಮಂತ್ರಿ ಬರುವವರಿದ್ದರು. ಅವರು ಕೂರುವ ಕುರ್ಚಿಗಾಗಿ ಅಧಿಕಾರಿಗಳು ಅಪ್ಪನಿಗೆ ಒಂದು ಚಿತ್ರ ಕೊಟ್ಟಿದ್ದರು: ತೋಳುಗಳ ತುದಿಯಲ್ಲಿ ಸಿಂಹದ ತಲೆ, ಬೆನ್ನಿನಲ್ಲಿ ಸೂರ್ಯ, ಎಲ್ಲೆಡೆ ಚಿನ್ನದ ರೇಕು. ಪಕ್ಕದ ಕುರ್ಚಿಗಳಿಗಿಂತ ಒಂದು ಗೇಣು ಎತ್ತರ. ಹನ್ನೆರಡು ದಿನಗಳ ಗಡುವು.

ಅಷ್ಟು ದಪ್ಪದ ಒಣಗಿದ ಮರ ನಮ್ಮಲ್ಲಿರಲಿಲ್ಲ. ನಾನು ಮನ್ಸೂರಾದ ಕಾಲೇಜಿನಲ್ಲಿ ಮರದ ವಿಜ್ಞಾನ ಓದಿದವಳು. ಹೊರಗಿನಿಂದ ತರಿಸಿದ ಮರಕ್ಕೆ ತೇವದ ಮಾಪಕ ಒತ್ತಿ ನೋಡಿದೆ.

"ಅಪ್ಪಾ, ಹದಿನೇಳು ಪರ್ಸೆಂಟ್ ತೋರಿಸ್ತಿದೆ. ಹತ್ತರ ಒಳಗಿರ್ಬೇಕಿತ್ತು. ಒಣಗ್ತಾ ಒಣಗ್ತಾ ಸಂದು ಸಡಿಲಾಗುತ್ತೆ."

"ನಿನ್ನ ಯಂತ್ರಕ್ಕೆ ಹೇಳು, ಮಂತ್ರಿಗೆ ಮೂರು ತಿಂಗಳು ತಡವಾಗಿ ಬರೋಕೆ ಹೇಳ್ಲಿ."

ಹನ್ನೆರಡನೆಯ ಬೆಳಿಗ್ಗೆ ಅಪ್ಪ ಕೈ ಒರೆಸಿಕೊಂಡು, ಕೂತು ನೋಡಲೆಂದು ಸಿಂಹದ ತಲೆಯ ಮೇಲೆ ಕೈ ಇಟ್ಟಿದ್ದ. ಭದ್ರತೆಯ ಮೇಜರ್ ಹಿಶಾಮ್ ಇಬ್ಬರು ಪೊಲೀಸರೊಂದಿಗೆ ಒಳಗೆ ಬಂದ.

"ಕೈ ತೆಗಿ ಉಸ್ತಾ!"

"ಒಂದು ಸಲ ಕೂತು ನೋಡ್ಬೇಕು ಪಾಷಾ. ಅದು ನಮ್ಮ ಪದ್ಧತಿ." ಮೇಸ್ತ್ರಿಗೆ ಉಸ್ತಾ, ಅಧಿಕಾರಿಗೆ ಪಾಷಾ, ನಮ್ಮಲ್ಲಿ ಕರೆಯುವುದೇ ಹಾಗೆ.

"ಮಂತ್ರಿಗಳಿಗಿಂತ ಮೊದ್ಲು ನಿನ್ನ ಅಂಡು ಊರ್ಬೇಕಾ ಅದರಲ್ಲಿ? ಅಳಿಯನ ಮದ್ವೆ ಕುರ್ಚಿ ಅಂದ್ಕೊಂಡ್ಯಾ?"

ಪೊಲೀಸರು ನಕ್ಕರು. ನಾಯಿಯಿಂದ ಮೂಸಿಸಿ, ಪ್ಲಾಸ್ಟಿಕ್ ಸುತ್ತಿ, ಸೀಲ್ ಹಾಕಿದರು. ಕುರ್ಚಿಗೆ ಏನಾದರೂ ಆದರೆ ಹೊಣೆ ತನ್ನದೇ ಎಂಬ ಕಾಗದಕ್ಕೆ ಅಪ್ಪ ಸಹಿ ಹಾಕಿದ. ಹಿಂದಿನ ವರ್ಷ ಒಂದು ವೇದಿಕೆಯ ಹಲಗೆ ಕುಸಿದು ಯಾರೋ ಅಧಿಕಾರಿಯ ಕಾಲು ಉಳುಕಿತ್ತು. ಹಲಗೆ ಹೊಡೆದ ಬಡಗಿ ಐದು ತಿಂಗಳು ಜೈಲಿನಲ್ಲಿದ್ದ; ಅದನ್ನು ಸಂಚು ಎಂದಿದ್ದರು.

ಮರುದಿನ ಅಪ್ಪನಿಗೆ ತಿಳಿಸದೆ ಹಿಶಾಮ್‌ನ ಕಚೇರಿಗೆ ಹೋದೆ. ಇದ್ದದ್ದನ್ನೆಲ್ಲ ಹೇಳಿದೆ.

"ಅಂದ್ರೆ ಮುರಿಯುತ್ತಾ?"

"ಗೊತ್ತಿಲ್ಲ. ಅಪ್ಪ ಒಂದು ನಿಮಿಷ ಕೂತ್ರೆ ಹೇಳ್ತಾರೆ."

ಅವನು ಪೆನ್ನು ಕೆಳಗಿಟ್ಟ. "ನೋಡು ಇಂಜಿನಿಯರಮ್ಮ, ಇದನ್ನ ನಾನು ಕೇಳಿಸ್ಕೊಂಡ್ರೆ ವರದಿ ಬರೀಬೇಕು. ಬರೆದ್ರೆ ನಿಮ್ಮಪ್ಪನ್ನ ಇವತ್ತೇ ಎಳ್ಕೊಂಡು ಬರ್ಬೇಕು. ಸೀಲ್ ಹಾಕ್ಸಿದ ನನ್ನನ್ನೂ ಬಿಡಲ್ಲ. ಈಗ ಹೇಳು, ನೀನೇನಾದ್ರೂ ಹೇಳಿದ್ಯಾ?"

"ಇಲ್ಲ ಪಾಷಾ."

"ಚಹಾ ಕುಡ್ದು ಹೋಗು."

ಸಮಾರಂಭದಲ್ಲಿ ನಮ್ಮನ್ನು ವೇದಿಕೆಯ ಹಿಂಬದಿಗೆ, ಹಗ್ಗದ ಪಕ್ಕ ನಿಲ್ಲಿಸಿದ್ದರು. ಮಂತ್ರಿ ಭಾರೀ ಆಸಾಮಿ. ಜನರತ್ತ ಕೈಬೀಸಿ, ಕೂತು, ಹಿಂದಕ್ಕೆ ಒರಗಿದರು. ಕಲ್ಲಂಗಡಿ ಬೀಜವನ್ನು ಹಲ್ಲಿನಲ್ಲಿ ಕಡಿದಷ್ಟು ಸಣ್ಣ ಸದ್ದು. ಅಪ್ಪ ಕಣ್ಣು ಮುಚ್ಚಿದ.

ಮಂತ್ರಿಗೂ ಅದು ಕೇಳಿಸಿತ್ತು. ಬೆನ್ನನ್ನು ನಿಧಾನವಾಗಿ ಮುಂದಕ್ಕೆ ತಂದರು. ಎದ್ದು ನಿಲ್ಲುವಂತಿಲ್ಲ, ಎದುರಿಗೆ ಕ್ಯಾಮೆರಾಗಳಿದ್ದವು. ಆಮೇಲೆ ಒಂದು ಗಂಟೆ ಹತ್ತು ನಿಮಿಷ ಅವರು ಕಾಲು ಕದಲಿಸಲಿಲ್ಲ, ಪಕ್ಕದವರ ಕಡೆ ತಿರುಗಲಿಲ್ಲ, ಕತ್ತಿನ ಬೆವರು ಒರೆಸಿಕೊಳ್ಳಲಿಲ್ಲ. ಕುರ್ಚಿಯ ಹಿಂದಿನ ಎಡಗಾಲಿನ ಸಂದಿನಲ್ಲಿ ರೇಕು ಕೂದಲೆಳೆಯಷ್ಟು ಬಿರಿದಿತ್ತು. ಅವರು ಉಸಿರಾಡಿದಂತೆಲ್ಲ ಆ ಗೆರೆ ಅಗಲವಾಗಿ ಮತ್ತೆ ಕಿರಿದಾಗುತ್ತಿತ್ತು.

"ನೋಡ್ರೀ, ಹೆಂಗೆ ಕೂತಿದಾರೆ! ಕಲ್ಲಿನ ಫೇರೋ ಥರ," ಎಂದ ಪಕ್ಕದಲ್ಲಿದ್ದವನು.

"ನಮ್ಮ ಗವರ್ನರ್ ನೋಡು, ಚಿಗಟ ಹತ್ತಿದೋನ ಥರ ಆಡ್ತಾನೆ," ಎಂದ ಇನ್ನೊಬ್ಬ.

ಪರದೆಯ ಮೇಲೆ ಮಂತ್ರಿಯ ಮುಖ ದೊಡ್ಡದಾಗಿ ಕಾಣುತ್ತಿತ್ತು. ಸೀಲ್ ಬಿದ್ದ ಮೇಲಿನ ನಾಲ್ಕು ದಿನ ಊಟದ ಮುಂದೆ ನಾನು ಅಪ್ಪನಲ್ಲಿ ಕಂಡ ಮುಖವೇ ಅದು.

ಸಮಾರಂಭವಾದ ಮೂರನೆಯ ದಿನ ಹಿಶಾಮ್ ಒಬ್ಬನೇ ಅಂಗಡಿಗೆ ಬಂದ. ಜೈಲಿಗೆಂದು ಕಟ್ಟಿಟ್ಟಿದ್ದ ಬಟ್ಟೆಯ ಚೀಲವನ್ನು ಅಪ್ಪ ಎತ್ತಿಕೊಂಡ.

"ಎಲ್ಲಿಗೆ ಉಸ್ತಾ? ಕೂತ್ಕೋ. ಎಲ್ಲಾ ಪತ್ರಿಕೆಯಲ್ಲೂ ಮಂತ್ರಿಗಳ ಫೋಟೋ ಬಂದಿದೆ. ಅವರು ಅಷ್ಟು ಗಂಭೀರವಾಗಿ ಯಾವತ್ತೂ ಕಂಡಿರ್ಲಿಲ್ವಂತೆ."

"ಆ ಕುರ್ಚಿ ಈಗೆಲ್ಲಿದೆ?" ಎಂದು ಕೇಳಿದೆ.

"ಅದರ ಬಗ್ಗೆ ಹೇಳೋಕೇ ಬಂದೆ. ಇಂಥಾ ಸಿಂಹಾಸನ ನನಗಲ್ಲ ಅಂತ ಮಂತ್ರಿಗಳು ಅದನ್ನ ತಮಗಿಂತ ದೊಡ್ಡೋರಿಗೆ ಉಡುಗೊರೆ ಕಳ್ಸಿದಾರೆ. ಮುಂದಿನ ತಿಂಗಳು ಅರಮನೇಲಿ ವಿದೇಶದ ಅತಿಥಿಗಳ ಮುಂದೆ ಆ ದೊಡ್ಡೋರು ಅದರಲ್ಲಿ ಕೂರ್ತಾರೆ."

ಮಂತ್ರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಕಳಿಸಿದ್ದರು. ಕೈರೋದ ಗಾಳಿ ನಮ್ಮೂರಿನದಕ್ಕಿಂತ ಒಣ. ಒಂದು ತಿಂಗಳಲ್ಲಿ ಆ ಸಂದು ಎಷ್ಟು ಸಡಿಲಾಗುತ್ತದೆ ಎಂದು ನನ್ನ ತಲೆ ತಾನಾಗಿಯೇ ಲೆಕ್ಕ ಹಾಕುತ್ತಿತ್ತು.

"ನಾನು ಸಹಿ ಮಾಡಿದ ಕಾಗದ?" ಎಂದ ಅಪ್ಪ.

"ಕುರ್ಚಿ ಜೊತೇನೇ ಹೋಯ್ತು. ನನ್ನ ಸಹೀನೂ ಇದೆ ಅದರಲ್ಲಿ."

ಅಪ್ಪ ಬಟ್ಟೆಯ ಚೀಲ ಕೆಳಗಿಟ್ಟ. "ಪಾಷಾ, ಆ ದೊಡ್ಡೋರು... ದಪ್ಪಗಿದಾರಾ?"

ಹಿಶಾಮ್ ಎದ್ದು ಹೋಗಿ ಅಂಗಡಿಯ ಬಾಗಿಲನ್ನು ಒಳಗಿನಿಂದ ಹಾಕಿದ.